ಜವರಯ್ಯನ ಗ್ರೀನ್

ಇಂಗ್ಲಿಷಿನ ಒಂದೇ ಒಂದು ಮಾತು ಜವರಯ್ಯನಿಗೆ ಬರುತ್ತಿತ್ತು. ಆದರೆ ಆ ಒಂದನ್ನು ಅವನಷ್ಟು ಬಲ್ಲವರನ್ನು ನಾನು ಮೈಸೂರಿನ ಕಾಲೇಜಿನಲ್ಲೂ ಕಂಡಿಲ್ಲ! ಹೋದ ವರ್ಷ ನಮ್ಮ ಇಂಗ್ಲಿಷ್ ಮೇಷ್ಟರು ‘ಗ್ರೀನ್’ ಎಂಬ ಪದಕ್ಕೆ ಹದಿನಾಲ್ಕು ಅರ್ಥ ಬರೆಸಿದರು. ಎಲೆಯ ಬಣ್ಣ, ಹಣ್ಣಾಗದ ಕಾಯಿ, ಕೆಲಸ ತಿಳಿಯದ ಹೊಸಬ, ಹೊಟ್ಟೆಕಿಚ್ಚಿನವರ ಕಣ್ಣು, ಆಟವಾಡುವ ಹುಲ್ಲು, ಹೀಗೆ ಬರೆಸುತ್ತಲೇ ಹೋದರು, ನಾವು ಬರೆಯುತ್ತಲೇ ಹೋದೆವು. ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಜವರಯ್ಯ. ಆ ಹದಿನಾಲ್ಕರಲ್ಲಿ ಹತ್ತನ್ನಾದರೂ ಅವನು ಮೈಮೇಲೆ ಅನುಭವಿಸಿದ್ದ. ಅವನಿಗೆ ಗೊತ್ತಿಲ್ಲದ್ದು ಮೊದಲನೆಯದು ಒಂದೇ, ಅದೊಂದು ಬಣ್ಣ ಎಂಬುದು.

ಮಲ್ಲಂದೂರಿನಿಂದ ನಾಲ್ಕು ಮೈಲಿ ಮೇಲಕ್ಕೆ ಹತ್ತಿದರೆ ಹುಲಿಗುಂಡಿ ಎಸ್ಟೇಟ್. ನಮ್ಮಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಹುಟ್ಟಿದ್ದು, ನಡೆಯಲು ಕಲಿತದ್ದು ಅಲ್ಲಿಯೇ. ಈ ಕಥೆಯ ಒಂದು ಪಾಲು ಅಪ್ಪ ಹೇಳಿದ್ದು, ಒಂದು ಪಾಲು ಜವರಯ್ಯ ಹೇಳಿದ್ದು, ಒಂದು ಪಾಲು ಅವನ ಹೆಂಡತಿ ಯಲ್ಲಮ್ಮ ಹೇಳಿದ್ದು. ಕೆಲವನ್ನು ನಾನೇ ಕಣ್ಣಾರೆ ಕಂಡೆ.

ಜವರಯ್ಯ ಬಯಲುಸೀಮೆಯವನು. ಹದಿನೆಂಟು ವರ್ಷದವನಾಗಿದ್ದಾಗ, ಅಂದರೆ ಸಾವಿರದ ಒಂಬೈನೂರ ಹನ್ನೆರಡರಲ್ಲಿ, ಕೊಯ್ಲಿನ ಕಾಲಕ್ಕೆ ಹುಲಿಗುಂಡಿಗೆ ಬಂದ. ಕಾಫಿ ಗಿಡವನ್ನೇ ಅದುವರೆಗೆ ನೋಡಿರಲಿಲ್ಲ. ಹೊಸ ಆಳುಗಳನ್ನು ಸಾಲಾಗಿ ನಿಲ್ಲಿಸಿದಾಗ ತೋಟದ ಬಿಳಿ ದೊರೆ ಒಮ್ಮೆ ಕಣ್ಣು ಹಾಯಿಸಿ ಏನೋ ಅಂದು ಕುದುರೆ ಹತ್ತಿ ಹೋದ. ಮೇಸ್ತ್ರಿ ಸಿದ್ದಬಸಪ್ಪ ಅದನ್ನು ಎಲ್ಲರಿಗೂ ಬಿಡಿಸಿ ಹೇಳಿದ.

“ಕೇಳಿದ್ರೇನ್ರೋ? ಗ್ರೀನ್ ಅಂತೆ ನೀವು. ಎಲ್ಲಾ ಗ್ರೀನ್!”

ಹೇಳಿದ್ದೇ ತಡ, ಕೊಡೆಯ ಹಿಡಿಯಿಂದ ಮುಂದಿದ್ದವರ ಮೀನಖಂಡಕ್ಕೆ ಒಂದೊಂದು ಬಿಟ್ಟ. ಮುಂದಿದ್ದವರಲ್ಲಿ ಜವರಯ್ಯನೂ ಒಬ್ಬ. ಗ್ರೀನ್ ಅಂದರೆ ಹೊಡೆಸಿಕೊಳ್ಳಬೇಕಾದವನು ಎಂದು ಅವನು ಅರ್ಥ ಮಾಡಿಕೊಂಡ. ಮೊದಲ ಪಾಠ ಅದು, ತೀರಾ ತಪ್ಪೂ ಅಲ್ಲ!

ಸಂಜೆ ಹಣ್ಣು ಅಳೆಯುವ ಕಣದಲ್ಲಿ ಎಲ್ಲರೂ ಬುಟ್ಟಿ ಇಟ್ಟು ನಿಂತರು. ಸಿದ್ದಬಸಪ್ಪ ಜವರಯ್ಯನ ಬುಟ್ಟಿಯನ್ನು ಗೋಣಿತಾಟಿನ ಮೇಲೆ ಬೋರಲು ಹಾಕಿದ. ಅರ್ಧಕ್ಕೆ ಅರ್ಧ ಕಾಯಿ.

“ಏ ಬಯಲುಸೀಮೆ! ಕಣ್ಣಿಗೆ ಸಗಣಿ ಮೆತ್ಕಂಡಿದೀಯೇನೋ? ಕೆಂಪಗಿರೋದು ಕೀಳು ಅಂದ್ರೆ ಕೈಗೆ ಸಿಕ್ಕಿದ್ದೆಲ್ಲ ಬಾಚ್ಕಂಡ್ ಬಂದಿದೀಯಲ್ಲ!”

“ಕೆಂಪಗಿರೋದೇ ಕಿತ್ತೆ ಅಯ್ಯಾ.”

“ಕೆಂಪಂತೆ! ಇದು ಕೆಂಪಾ? ಇದು? ಗ್ರೀನ್ ಕಣೋ ಇದು, ಗ್ರೀನ್!”

ಹಣ್ಣಾಗದ ಕಾಯಿ ಬಂದರೆ ಹುಲಿಗುಂಡಿಯಲ್ಲಿ ಒಂದು ಶಿಕ್ಷೆಯಿತ್ತು. ಬೇರೆ ಯಾವ ತೋಟದಲ್ಲೂ ನಾನದನ್ನು ಕೇಳಿಲ್ಲ. ಯಾರ ಬುಟ್ಟಿಯಲ್ಲಿ ಎಷ್ಟು ಕಾಯಿ ಸಿಕ್ಕಿತೋ ಅಷ್ಟನ್ನೂ ಅವರೇ ದಬ್ಬಣದಲ್ಲಿ ಚುಚ್ಚಿ ದಾರಕ್ಕೆ ಪೋಣಿಸಬೇಕು. ಸರ ಮಾಡಿ ಕೊರಳಿಗೆ ಹಾಕಿಕೊಳ್ಳಬೇಕು. ಮರುದಿನ ಬೆಳಗ್ಗೆ ಮಸ್ಟರಿಗೆ ಹೆಸರು ಕೂಗುವ ತನಕ ತೆಗೆಯುವಂತಿಲ್ಲ. ಹಸಿ ಕಾಯಿ ಕಲ್ಲಿನ ಹಾಗಿರುತ್ತದೆ, ದಬ್ಬಣ ಜಾರಿ ಬೆರಳಿಗೇ ಹೋಗುತ್ತದೆ. ಆಳುಗಳ ಲೈನುಮನೆಯ ಮಕ್ಕಳಿಗೆ ಇದಕ್ಕಿಂತ ಹಬ್ಬ ಬೇರೆ ಇರಲಿಲ್ಲ. “ಗ್ರೀನ್ ಮದುವಣಿಗಾ, ಹೆಣ್ಣೆಲ್ಲೋ?” ಎಂದು ಹಿಂದೆ ಹಿಂದೆ ಓಡುತ್ತಿದ್ದವು.

ಜವರಯ್ಯ ಹನ್ನೊಂದು ದಿನ ಒಂದರ ಹಿಂದೊಂದು ಸರ ಹಾಕಿಕೊಂಡ. ಬೆರಳೆಲ್ಲ ಬಾತುಕೊಂಡಿತು. ಮೂರನೆಯ ದಿನವೇ ಅವನಿಗೆ ಗೊತ್ತಾಗಿತ್ತು, ಉಳಿದವರು ಗಿಡದಲ್ಲಿ ಕಾಣುವ ಏನೋ ಒಂದು ತನಗೆ ಕಾಣುತ್ತಿಲ್ಲ ಎಂದು. ಅವನಿಗೆ ಎಲೆಯೂ ಹಣ್ಣೂ ಕಾಯಿಯೂ ಒಂದೇ ಕಂಬಳಿಯಿಂದ ಕತ್ತರಿಸಿದ ಹಾಗೆ ಕಾಣುತ್ತಿದ್ದವು. ಯಾರನ್ನಾದರೂ ಕೇಳಿದರೆ ಕುರುಡ ಎಂದು ಗಂಟು ಕಟ್ಟಿ ಕಳಿಸುತ್ತಾರೆ. ಊರಲ್ಲಿ ಅನ್ನವಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡು ಕಾಯಿ ಪೋಣಿಸಿದ.

ಹನ್ನೆರಡನೆಯ ದಿನ ಮಂಜು! ಎದುರಿಗಿರುವ ಗಿಡವೇ ಕಾಣದಂಥ ಮಂಜು. ಎಲ್ಲರೂ ತಡಕಾಡಿಕೊಂಡು ಕಿತ್ತರು, ಅವನೂ ತಡಕಾಡಿದ. ತಡಕುತ್ತಿದ್ದಾಗ ಬೆರಳಿಗೆ ತಿಳಿಯಿತು. ಹಣ್ಣನ್ನು ಎರಡು ಬೆರಳ ನಡುವೆ ಹಿಡಿದರೆ ರೆಪ್ಪೆಯ ಮೇಲಿಂದ ಕಣ್ಣುಗುಡ್ಡೆ ಒತ್ತಿದ ಹಾಗೆ ಒಳಗೊಳಗೆ ಜಾರುತ್ತದೆ. ಕಾಯಿಯನ್ನು ಹಿಡಿದರೆ ಬೆರಳ ಗೆಣ್ಣು ಮುಟ್ಟಿದ ಹಾಗೆ. ಆ ಸಂಜೆ ಎಲ್ಲರ ಬುಟ್ಟಿಯಲ್ಲೂ ಕಾಯಿ, ಎಲ್ಲರ ಕೊರಳಲ್ಲೂ ಸರ. ಜವರಯ್ಯನ ಬುಟ್ಟಿಯಲ್ಲಿ ಹುಡುಕಿದರೂ ಒಂದು ಕಾಯಿ ಸಿಗಲಿಲ್ಲ. ಸಿದ್ದಬಸಪ್ಪ ಬುಟ್ಟಿಯನ್ನು ಎರಡು ಸಲ ಬೋರಲು ಹಾಕಿ ನೋಡಿದ.

ಅಲ್ಲಿಂದ ಮುಂದೆ ಆ ಮಾತು ಅವನ ಬೆನ್ನು ಹತ್ತಿದ ಬಗೆಯನ್ನು ನೋಡಿ! ಮಳೆಗಾಲ ಕಳೆದ ಮೇಲೆ ಗಿಡಕ್ಕೆ ಗ್ರೀನ್ ಬಗ್ ಬಂತು, ಎಲೆಯ ಬೆನ್ನಿಗೆ ಎಲೆಯ ಬಣ್ಣದಲ್ಲೇ ಅಂಟಿಕೊಂಡಿರುವ ಹುಳ. ಕಣ್ಣಿದ್ದವರಿಗೂ ಅದು ಸುಲಭವಾಗಿ ಕಾಣದು. ಇವನು ಬೆರಳಿಗೆ ಅಂಟು ಹತ್ತಿದ ಕಡೆ ಸಾಬೂನು ನೀರು ಹೊಡೆಸಿ ತೋಟದ ಒಂದು ತಾಕನ್ನೇ ಉಳಿಸಿದ. ಗಿಡದ ಬುಡಕ್ಕೆ ಸೊಪ್ಪು ಹಾಕಿ ಕೊಳೆಸಿದರೆ ಅದು ಗ್ರೀನ್ ಗೊಬ್ಬರ. ಒಣಗಿಸಿ, ಸಿಪ್ಪೆ ಸುಲಿಸಿ, ಚೀಲಕ್ಕೆ ತುಂಬಿದ ಬೀಜಕ್ಕೂ ದೊರೆಗಳು ಗ್ರೀನ್ ಕಾಫಿ ಎನ್ನುತ್ತಿದ್ದರು. ಉಳಿದ ಆಳುಗಳು ಬೀಜವನ್ನು ಅಂಗೈಲಿ ಹಿಡಿದು, “ಇದು ಬೂದಿ ಬಣ್ಣ ಅಲ್ವೇನೋ, ಇದ್ಯಾಕೆ ಗ್ರೀನು?” ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಜವರಯ್ಯನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಬಣ್ಣದ ಹಂಗೇ ಇಲ್ಲದವನಿಗೆ ಗೊಂದಲ ಎಲ್ಲಿಂದ ಬರಬೇಕು!

ಬಂದ ನಾಲ್ಕನೆಯ ವರ್ಷ ಸಂಸೆಯ ಕಡೆಯ ಯಲ್ಲಮ್ಮನನ್ನು ಮದುವೆಯಾದ. ಅವಳಿಗೆ ಗುಟ್ಟು ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. ಹಿತ್ತಲಿಂದ ನಾಲ್ಕು ಹಣ್ಣು ಮೆಣಸಿನಕಾಯಿ ತರಲು ಹೇಳಿದಳು. ಅವನು ಪ್ರತಿಯೊಂದನ್ನೂ ಹಿಸುಕಿ, ಮೂಸಿ, ಕೊನೆಗೆ ನಾಲ್ಕು ಎಳೆಗಾಯಿ ತಂದು ಕೊಟ್ಟ.

“ಅಯ್ಯೋ, ನಿಮಗೆ ಬಣ್ಣ ಕಾಣಲ್ವಾ?” ಎಂದಳು ಯಲ್ಲಮ್ಮ, ನಕ್ಕುಬಿಟ್ಟು.

ಅವನು ಅವಳ ಬಾಯಿಯನ್ನು ಅಂಗೈಯಿಂದ ಒತ್ತಿ ಗೋಡೆಗೆ ಸೇರಿಸಿದ. “ಇನ್ನೊಂದ್ಸಲ ಈ ಮಾತು ಬಂದ್ರೆ ನಾಲಿಗೆ ಕಿತ್ ಹಾಕ್ತೀನಿ.”

ಹದಿನೆಂಟು ವರ್ಷ ಅವಳ ಬಾಯಿಂದ ಆ ಮಾತು ಬರಲಿಲ್ಲ.

ಅವನ ಬುಟ್ಟಿಯ ಹೆಸರು ದೊರೆಯ ಕಿವಿಗೂ ಬಿತ್ತು. ಸಾವಿರದ ಒಂಬೈನೂರ ಇಪ್ಪತ್ತರ ಕೊಯ್ಲಿಗೆ ದೊರೆ ಅವನನ್ನೇ ಕಣದಲ್ಲಿ ಕೂರಿಸಿದ. ಎಲ್ಲರ ಬುಟ್ಟಿಯಲ್ಲೂ ಕಾಯಿ ಹಿಡಿಯುವುದು ಅವನ ಕೆಲಸ. ಹೆಂಚಿನ ಮನೆ, ವರ್ಷಕ್ಕೊಂದು ಕರಿ ಕೋಟು, ಗ್ರೀನ್ ಜವರಯ್ಯ ಎಂಬ ಹೆಸರು! ಬಣ್ಣ ಕಾಣದವನನ್ನು ಬಣ್ಣ ನೋಡುವ ಕೆಲಸಕ್ಕೆ ಹಾಕಿದ್ದು ಪ್ರಪಂಚದಲ್ಲಿ ಇದೊಂದೇ ಕಡೆ ಇರಬೇಕು.

ಅವನು ಕೆಲಸ ಮಾಡುವುದನ್ನು ನೋಡಲು ಚೆನ್ನಾಗಿರುತ್ತಿತ್ತು. ಬುಟ್ಟಿಯೊಳಗೆ ಮೊಣಕೈ ತನಕ ಕೈ ಇಳಿಸುತ್ತಿದ್ದ. ಕಣ್ಣು ಬುಟ್ಟಿಯ ಕಡೆ ಇರುತ್ತಿರಲಿಲ್ಲ, ಬುಟ್ಟಿ ತಂದವರ ಮುಖದ ಮೇಲಿರುತ್ತಿತ್ತು. ಮುಖದಲ್ಲಿ ಹೆದರಿಕೆ ಕಂಡರೆ ಕೈ ಇನ್ನೂ ಆಳಕ್ಕೆ. “ಗ್ರೀನ್, ಹದಿನಾರು” ಎನ್ನುತ್ತಿದ್ದ. ಎಣಿಸಿದರೆ ಹದಿನಾರೇ. ಅವನ ಕೈಗೆ ಕಣ್ಣಿದೆ ಎಂದು ಲೈನುಮನೆಯಲ್ಲಿ ಹೆಂಗಸರು ಮಕ್ಕಳನ್ನು ಹೆದರಿಸುತ್ತಿದ್ದರು.

ಅವನು ಕರುಣೆ ತೋರಿಸಿದ್ದು ಯಾರಿಗೂ ನೆನಪಿಲ್ಲ. ಹನ್ನೊಂದು ದಿನ ಸರ ಹಾಕಿಕೊಂಡವನು ಉಳಿದವರ ಸರವನ್ನು ಗಿಡ್ಡ ಮಾಡಬೇಕಿತ್ತಲ್ಲವೇ? ಅವನು ಉದ್ದ ಮಾಡಿದ. ಎರಡನೆಯ ಸಲ ಸಿಕ್ಕಿಬಿದ್ದವರು ಸರದ ಕಾಯಿಯನ್ನು ಬೆಳಗ್ಗೆ ಎಲ್ಲರೆದುರು ಜಗಿಯಬೇಕು ಎಂಬುದು ಅವನೇ ಸೇರಿಸಿದ ನಿಯಮ. ಹಸಿ ಕಾಫಿಕಾಯಿ ಜಗಿದರೆ ಬಾಯಿ ಒಗರೊಗರಾಗಿ ನಾಲಿಗೆ ತೊಗಲಿನ ಹಾಗಾಗುತ್ತದೆ. ದೊರೆಗೆ ಈ ನಿಯಮ ತುಂಬ ಹಿಡಿಸಿತು.

ಒಂದು ಸಂಜೆ ಯಲ್ಲಮ್ಮನ ಬುಟ್ಟಿಯಲ್ಲಿ ಅವನ ಕೈಗೆ ಏಳು ಕಾಯಿ ಸಿಕ್ಕವು.

“ಗ್ರೀನ್, ಏಳು.”

“ಮನೆಗ್ ಬನ್ನಿ, ಹೇಳ್ತೀನಿ ನಿಮಗೆ” ಎಂದಳು ಯಲ್ಲಮ್ಮ ಮೆಲ್ಲಗೆ.

“ಮನೇಲಿ ಹೆಂಡ್ತಿ. ಇಲ್ಲಿ ಬುಟ್ಟಿ. ದಬ್ಬಣ ತಗೋ.”

ಅವಳು ಪೋಣಿಸಿ ಹಾಕಿಕೊಂಡಳು. ಆ ರಾತ್ರಿ ಅದನ್ನು ಹಾಕಿಕೊಂಡೇ ಅವನಿಗೆ ಮುದ್ದೆ ಬಡಿಸಿದಳು. ನಮ್ಮಪ್ಪ ಇದನ್ನು ಹೇಳುವಾಗಲೆಲ್ಲ, “ಅವತ್ತಿಂದ ದೊರೆಗೆ ಅವನ ಮೇಲೆ ನಂಬಿಕೆ ಬಂತು ನೋಡು” ಎಂದು ಮುಗಿಸುತ್ತಿದ್ದರು.

ಹಣ್ಣು ಕೀಳುವ ಆಳು ದೇವೀರಮ್ಮನ ವಿಷಯ ಸಾವಿರದ ಒಂಬೈನೂರ ಮೂವತ್ತನಾಲ್ಕರದು. ಅವಳು ಹೆತ್ತು ಹನ್ನೆರಡು ದಿನವಾಗಿತ್ತು, ಹಸಿ ಬಾಣಂತಿ. ಗಂಡನಿಗೆ ಜ್ವರ, ಮನೆಯಲ್ಲಿ ಅಕ್ಕಿಯಿಲ್ಲ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಣ್ಣಿಗೆ ಬಂದಿದ್ದಳು. ತಲೆ ಸುತ್ತಿದಾಗ ಕೊಂಬೆ ಹಿಡಿದು ಕೈಗೆ ಬಂದಷ್ಟು ಸವರಿ ಹಾಕಿದ್ದಳು. ಅವಳ ಬುಟ್ಟಿಯಲ್ಲಿ ಎಂಬತ್ತಮೂರು ಕಾಯಿ.

“ಎರಡನೇ ಸಲ” ಎಂದ ಜವರಯ್ಯ.

“ಅಣ್ಣಯ್ಯಾ, ಹಾಲೂಡಿಸೋ ಮೈ ಕಣಣ್ಣ. ಸರ ಹಾಕ್ಕಂತೀನಿ. ಜಗಿಯೋದೊಂದು ಬಿಡು.”

“ಬೆಳಗ್ಗೆ ನೋಡನ.”

ಬೆಳಗ್ಗೆ ಅವಳು ಜಗಿದಳು. ಅರ್ಧ ನುಂಗಿದಳು, ಅರ್ಧ ಕಾರಿದಳು. ಅವನು ಎದುರಿಗೆ ನಿಂತು ಎಣಿಸಿದ. ಎದೆ ಹಾಲು ಕಹಿಯಾಗಿ ಕೂಸು ಎರಡು ದಿನ ಮೊಲೆ ಮುಟ್ಟಲಿಲ್ಲ ಎಂದು ಲೈನಿನಲ್ಲಿ ಆಡಿಕೊಂಡರು.

ಜಗಿಯುತ್ತಿದ್ದಾಗಲೇ ದೇವೀರಮ್ಮ ಒಂದನ್ನು ಗಮನಿಸಿದಳು. ಅವಳು ಕಾರಿದ ಚೂರುಗಳ ನಡುವೆ ಯಾರದೋ ಬುಟ್ಟಿಯಿಂದ ಬಿದ್ದ ಒಂದು ಕೆಂಪು ಹಣ್ಣಿತ್ತು. ಜವರಯ್ಯ ಅದನ್ನೂ ಸೇರಿಸಿ ಎಣಿಸಿದ. ಹದಿನಾಲ್ಕು ವರ್ಷದಲ್ಲಿ ಅವನು ಮುಟ್ಟದೆ ಎಣಿಸಿದ್ದು ಅದೊಂದೇ ಸಲ ಇರಬೇಕು!

ಮನೆಗೆ ಬಂದವಳು ಒಂದು ಹಿಡಿ ಕಾಯಿಯನ್ನು ಸ್ನಾನದ ಹಂಡೆಯ ಕುದಿನೀರಿಗೆ ಹಾಕಿದಳು. ಬೆಂದ ಕಾಯಿ ಮೆತ್ತಗಾಯಿತು, ಹಿಸುಕಿದರೆ ಹಣ್ಣಿನ ಹಾಗೆ ಜಾರಿತು. ಬಣ್ಣ ಮಾತ್ರ ಕೊಳೆತ ಪಾಚಿಯ ಹಾಗೆ, ಎಷ್ಟು ದೂರದಿಂದಲೂ ಹಸಿರು. ಮರುದಿನ ಹತ್ತು ಬೆಂದ ಕಾಯಿ ಬುಟ್ಟಿಯಲ್ಲಿ ಸೇರಿಸಿ ತಂದಳು. ಜವರಯ್ಯ ಕೈ ಇಳಿಸಿ, “ಸ್ವಚ್ಛ” ಎಂದ. ಆಚೆ ದಿನ ಮೂವತ್ತು. “ಸ್ವಚ್ಛ.” ಪಕ್ಕದಲ್ಲಿ ನಿಂತಿದ್ದ ಹೆಂಗಸರು ಬುಟ್ಟಿಯನ್ನು ನೋಡಿದರು, ಅವನನ್ನು ನೋಡಿದರು, ಸೆರಗು ಬಾಯಿಗಿಟ್ಟುಕೊಂಡರು. ವಾರದೊಳಗೆ ಸಿದ್ದಬಸಪ್ಪನನ್ನೂ ಸೇರಿಸಿ ಇಡೀ ತೋಟಕ್ಕೆ ತಿಳಿದುಹೋಯಿತು, ಅವನೊಬ್ಬನನ್ನು ಬಿಟ್ಟು. ಯಾರೂ ದೊರೆಗೆ ಹೇಳಲಿಲ್ಲ. ಎಲ್ಲರೂ ಕಾಯುತ್ತಿದ್ದರು.

ಕ್ರಿಸ್‌ಮಸ್ಸಿಗೆ ಮೂರು ದಿನ ಮೊದಲು ಪಕ್ಕದ ತೋಟದ ದೊರೆಗಳೂ ಅವರ ಹೆಂಡಂದಿರೂ ಬಂದರು. ನಮ್ಮ ದೊರೆ ಅವರನ್ನು ಕಣಕ್ಕೇ ಕರೆತಂದ. ತನ್ನ ಜವರಯ್ಯ ಕಣ್ಣಿಗೆ ಬಟ್ಟೆ ಕಟ್ಟಿದರೂ ಗ್ರೀನ್ ಹಿಡಿಯುತ್ತಾನೆ ಎಂದು ಅವನಿಗೆ ಹೆಮ್ಮೆ. ನನಗೆ ಆಗ ಹನ್ನೊಂದು ವರ್ಷ, ಅಪ್ಪನ ಮೇಜಿನ ಪಕ್ಕ ನಿಂತಿದ್ದೆ. ಇನ್ನೂ ಬಿಸಿಲಿತ್ತು. ದೇವೀರಮ್ಮ ಸಾಲಿನ ಮುಂದಕ್ಕೆ ಬಂದು ಬುಟ್ಟಿ ಇಳಿಸಿದಳು. ತುದಿ ತನಕ ಬೆಂದ ಕಾಯಿ! ಒಂದೇ ಒಂದು ಕೆಂಪು ಹಣ್ಣಿಲ್ಲ. ನೂರಿಪ್ಪತ್ತು ಜನ ಕೆಮ್ಮದೆ ನಿಂತಿದ್ದರು.

ಜವರಯ್ಯ ಮೊಣಕೈ ತನಕ ಕೈ ಇಳಿಸಿದ. ಒಂದು ಗಳಿಗೆ ತಡೆದ. ಬೆಂದ ವಾಸನೆ ಮೂಗಿಗೆ ಬಂದಿರಬೇಕು, ಮೂಗು ಅರಳಿದ್ದು ನನಗೆ ಕಾಣಿಸಿತು. ದೇವೀರಮ್ಮನ ಮುಖ ನೋಡಿದ. ಅವನು ಹುಡುಕುವ ಹೆದರಿಕೆ ಆ ಮುಖದಲ್ಲಿ ಇರಲೇ ಇಲ್ಲ.

“ಸ್ವಚ್ಛ” ಎಂದ. “ಒಂದೂ ಇಲ್ಲ.”

ಮೊದಲು ನಕ್ಕವಳು ಬಂದಿದ್ದ ದೊರೆಸಾನಿಯರಲ್ಲಿ ಒಬ್ಬಳು. ಆಮೇಲೆ ಕಣಕ್ಕೆ ಕಣವೇ ನಕ್ಕಿತು. ಕೂತು ನಕ್ಕರು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ನಾನೂ ನಕ್ಕೆ. ದೊರೆ ಬುಟ್ಟಿಯನ್ನು ಬೂಟಿನಿಂದ ಒದ್ದು ಉರುಳಿಸಿದ.

“ಜವ್ರಯ್ಯ. ಏನು ಬಣ್ಣ ಇದು?”

“ಹಣ್ಣಿನ ಬಣ್ಣ ದೊರೆಗಳೇ.”

“ಹಣ್ಣಿಂದು ಯೇನು ಬಣ್ಣ?”

“ಕೆಂಪು, ದೊರೆಗಳೇ.” ನಗು ಏರಿತು. ಅವನು ಗುಂಪಿನಲ್ಲಿ ಯಲ್ಲಮ್ಮನನ್ನು ಹುಡುಕಿದ. ಅವಳು ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು. “ಗ್ರೀನ್” ಎಂದ ಜವರಯ್ಯ ಆಮೇಲೆ, ಮೆಲ್ಲಗೆ, “ಗ್ರೀನ್ ದೊರೆಗಳೇ, ಗ್ರೀನೇ.” ಅಷ್ಟು ಹೊತ್ತಿಗೆ ಆ ದೊರೆಸಾನಿ ತನ್ನ ಕೆಂಪು ಕೊಡೆಯನ್ನು ಅವನ ಮೂಗಿನ ಮುಂದೆ ಹಿಡಿದಿದ್ದಳು!

ದೊರೆ ಎರಡು ತೀರ್ಪು ಕೊಟ್ಟ. ದೇವೀರಮ್ಮ ಮೋಸ ಮಾಡಿದವಳು, ಕತ್ತಲಾಗುವುದರೊಳಗೆ ತೋಟ ಬಿಡಬೇಕು. ಅವಳು ಕೂಸನ್ನು ಕಟ್ಟಿಕೊಂಡು, ಜ್ವರದ ಗಂಡನ ಕೈ ಹಿಡಿದುಕೊಂಡು ಆಲ್ದೂರಿನ ಕಡೆ ಇಳಿದಳು. “ಹೋಗ್ಲಿ ಬಿಡ್ರವ್ವಾ, ಇಷ್ಟು ಜನ ನಗೋದನ್ನ ನಾನೆಲ್ಲಿ ಕಂಡಿದ್ದೆ” ಎಂದಳಂತೆ ಗೇಟಿನಲ್ಲಿ. ಇನ್ನೊಂದು ತೀರ್ಪು, ಜವರಯ್ಯ ಕಣದಿಂದ ಏಳಬೇಕು, ಇನ್ನು ಕಸ ಗುಡಿಸಬೇಕು. ಹೆಂಚಿನ ಮನೆ ಮಾತ್ರ ಅವನಿಗೇ ಇರಲಿ. ಏಕೆ? ದೊರೆಸಾನಿಯರು ಅವನನ್ನು ಇನ್ನೊಮ್ಮೆ ನೋಡಲು ಆಸೆಪಟ್ಟಿದ್ದರು.

ಬಂಗಲೆಯ ಮುಂದಿನ ಹುಲ್ಲುಹಾಸಿಗೂ ಅವರು ಗ್ರೀನ್ ಎಂದೇ ಕರೆಯುತ್ತಿದ್ದರು. ಚಹಾದ ಹೊತ್ತಿಗೆ ಅಲ್ಲಿ ಬೆತ್ತದ ಕುರ್ಚಿಗಳು, ನಡುವೆ ಜವರಯ್ಯ. ನಮ್ಮ ದೊರೆಯ ದೊರೆಸಾನಿ ಹೊಲಿಗೆ ಪೆಟ್ಟಿಗೆಯ ರಿಬ್ಬನ್ನುಗಳನ್ನೆಲ್ಲ ಕೊಟ್ಟು ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಇಡು ಎನ್ನುವಳು. ಅವನು ಎರಡು ಗುಡ್ಡೆ ಮಾಡುವನು. ಅತಿಥಿಗಳು ಕುರ್ಚಿಯಲ್ಲಿ ಹೊರಳಾಡುವರು. ಒಂದು ಬಿಸ್ಕತ್ತು ಸಿಗುವುದು. ಕೆಳಗೆ ಲೈನಿನಲ್ಲಿ ಇದಕ್ಕಿಂತ ಕಷ್ಟ. “ಏನ್ ಬಣ್ಣ ಜವರಯ್ಯ?” ಎಂದು ಮಕ್ಕಳು ಸಗಣಿಯುಂಡೆ ತೋರಿಸುತ್ತಿದ್ದವು. ಅವನಿಂದ ಸರ ಹಾಕಿಸಿಕೊಂಡ ಹೆಂಗಸರು ಅವನು ಗುಡಿಸಿದ ಅಂಗಳಕ್ಕೆ ಬೇಕೆಂದೇ ಕಾಯಿ ಚೆಲ್ಲುತ್ತಿದ್ದರು. ಅವನು ಒಂದೊಂದನ್ನೇ ಮುಟ್ಟಿ ಮುಟ್ಟಿ ಆರಿಸುತ್ತಿದ್ದ.

ದಿನ ಕಳೆದಂತೆ ಆಟ ಚಿಕ್ಕದಾಯಿತು. ದೊರೆಸಾನಿ ಎರಡೇ ರಿಬ್ಬನ್ನು ಹಿಡಿಯುವಳು, ಕೈಗೊಂದು. ಗ್ರೀನ್ ಯಾವುದು? ಅವನು ಒಂದನ್ನು ತೋರಿಸಬೇಕು. ಮೊದಲ ಸಲ ತಪ್ಪಾಯಿತು, ಎಲ್ಲರೂ ನಕ್ಕರು. ಎರಡನೆಯ ಸಲ, ಕೈ ಹೋದ ಕಡೆ ತೋರಿಸಿದ್ದು ಸರಿಯಾಗಿಬಿಟ್ಟಿತು! ಯಾರೂ ನಗಲಿಲ್ಲ. ಮೀಸೆಯ ದೊರೆಯೊಬ್ಬ ಏನೋ ಅಂದ, ನಮ್ಮ ದೊರೆಯ ಮುಖ ಕೆಂಪಾಯಿತು.

ಆ ಸಂಜೆ ಅಪ್ಪ ಜವರಯ್ಯನನ್ನು ಆಫೀಸಿಗೆ ಕರೆಸಿದರು.

“ನಿನಗೆ ಕಾಣುತ್ತೆ ಅಂತಿದಾರೆ ದೊರೆ. ಇಷ್ಟು ದಿನ ನಾಟಕ ಆಡಿದೆಯಂತೆ.”

“ಸರಿ ಹೇಳಿದ್ದೇ ತಪ್ಪಾ ರೈಟ್ರೇ?”

“ತಪ್ಪೇ ಮಾರಾಯ. ಕಾಣುತ್ತೆ ಅಂತಾದ್ರೆ ಅವತ್ತು ದೇವೀರಮ್ಮನ ಜೊತೆ ಸೇರ್ಕಂಡು ಬುಟ್ಟಿ ಪಾಸು ಮಾಡ್ದೆ ಅಂತಾಯ್ತು. ಕಾಣಲ್ಲ ಅಂತಾದ್ರೆ ಪಾಪದೋನು ಅಂತಾಯ್ತು. ಪಾಪದೋನಾಗೇ ಇರು. ಇನ್ನೊಂದ್ಸಲ ಸರಿ ಹೇಳಿದ್ರೆ ಮನೆ ಖಾಲಿ ಅಂದಿದಾರೆ.”

ಜವರಯ್ಯ ಬಾಗಿಲ ತನಕ ಹೋಗಿ ತಿರುಗಿ ಬಂದನಂತೆ. “ತಪ್ಪು ಹೇಳಕ್ಕೆ ಸರಿ ಯಾವ್ದು ಅಂತ ಗೊತ್ತಾಗ್ಬೇಕಲ್ಲ ಸ್ವಾಮಿ.”

ಅಪ್ಪ ಲೆಕ್ಕದ ಪುಸ್ತಕ ಮುಚ್ಚಿದರು. ಉತ್ತರ ಮನೆಯಲ್ಲಿತ್ತು. ಅವನು ಯಲ್ಲಮ್ಮನ ಮುಂದೆ ಕೂತು, ಮದುವೆಯಾದಾಗಿನಿಂದ ಮೊದಲ ಸಲ ಅವಳನ್ನು ಏನೋ ಒಂದು ಕೇಳಿಕೊಂಡ. ಅವನು ಬಂಗಲೆಗೆ ಹೋದಾಗಲೆಲ್ಲ ಅವಳೂ ಪೊರಕೆ ಹಿಡಿದು ಬರಬೇಕು, ಹುಲ್ಲುಹಾಸಿನ ಅಂಚಿನಲ್ಲಿ ಎಲೆ ಗುಡಿಸುತ್ತಿರಬೇಕು. ಹಸಿರು ರಿಬ್ಬನ್ನು ದೊರೆಸಾನಿಯ ಬಲಗೈಯಲ್ಲಿದ್ದರೆ ಒಮ್ಮೆ ಕೆಮ್ಮಬೇಕು. ಎಡಗೈಯಲ್ಲಿದ್ದರೆ ಸುಮ್ಮನಿರಬೇಕು. ಆಗ ಅವನು ನೇರ ಹೋಗಿ ಕೆಂಪನ್ನು ತೋರಿಸಿ ಗ್ರೀನ್ ಎನ್ನುತ್ತಾನೆ.

“ಆ ಮನೆ ಬೇಕೇ ಬೇಕಾ ನಿಮಗೆ?” ಎಂದು ಕೇಳಿದಳು ಯಲ್ಲಮ್ಮ.

“ಮನೆ ಬಿಟ್ರೆ ನನಗೇನಿದೆ?”

ಎರಡು ವರ್ಷ ಅವಳು ಕೆಮ್ಮಿದಳು! ಎಷ್ಟು ಜನ ಬಂದರು, ಎಷ್ಟು ಚಹಾ ಆಯಿತು. ಜವರಯ್ಯ ಒಂದು ಸಲವೂ ಸರಿ ಹೇಳಲಿಲ್ಲ. ಇಷ್ಟು ಕರಾರುವಾಕ್ಕಾಗಿ ತಪ್ಪು ಹೇಳುವ ಕುರುಡು ಎಲ್ಲೂ ಇಲ್ಲವೆಂದು ಒಬ್ಬ ಡಾಕ್ಟರು ದೊರೆ ಪುಸ್ತಕದಲ್ಲಿ ಬರೆದುಕೊಂಡು ಹೋದ. ಯಲ್ಲಮ್ಮ ಗುಡಿಸುತ್ತಾ ಗುಡಿಸುತ್ತಾ ಪ್ರತಿ ಸಲವೂ ಆ ನಗುವನ್ನು ಕೇಳಿದಳು. ಒಮ್ಮೊಮ್ಮೆ ಅವನೂ ಅವರ ಜೊತೆ ನಗುವುದನ್ನು ಕಂಡಳು. ಅದು ತನಗೆ ತಡೆಯಲಾಗಲಿಲ್ಲ ಎಂದಳು ನನ್ನ ಹತ್ತಿರ, ಉಳಿದದ್ದೆಲ್ಲ ತಡೆದೆ, ಆದರೆ ನಮ್ಮೋರೂ ಅವರ ಜೊತೆ ನಗ್ತಿದ್ರಲ್ಲ ಅದು.

ಮೂವತ್ತಾರರ ಕೊನೆಯ ಭಾನುವಾರ ಏಳು ಜನ ಅತಿಥಿಗಳು. ದೊರೆಸಾನಿ ಎರಡು ಕೈ ಎತ್ತಿ ಹಿಡಿದಳು. ಹಸಿರು ಎಡಗೈಯಲ್ಲಿತ್ತು. ಯಲ್ಲಮ್ಮ ಸುಮ್ಮನಿರಬೇಕಿತ್ತು. ಅವಳು ಪೊರಕೆಯನ್ನು ನೆಲಕ್ಕೆ ಊರಿ, ಇಡೀ ಬಂಗಲೆಗೆ ಕೇಳುವ ಹಾಗೆ ಕೆಮ್ಮಿದಳು.

ಜವರಯ್ಯ ಹಲ್ಲು ಬಿಟ್ಟುಕೊಂಡು ಹೋಗಿ ಎಡಗೈಯ ರಿಬ್ಬನ್ನು ಮುಟ್ಟಿ, “ಗ್ರೀನ್!” ಎಂದ. ನಗು ಬರಲಿ ಎಂದು ಕಾದ. ಬರಲಿಲ್ಲ. ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಅಂದ. ದೊರೆ ಎದ್ದು ನಿಂತ.

ಕತ್ತಲಾಗುವ ಮೊದಲೇ ಮನೆ ಖಾಲಿಯಾಯಿತು. ಕರಿ ಕೋಟು ಬಿಚ್ಚಿಸಿಕೊಂಡರು. ನಾವು ಮಕ್ಕಳೆಲ್ಲ ಗೇಟಿನ ತನಕ ಕೂಗುತ್ತಾ ಹೋದೆವು. ಅಲ್ಲಿ ಅವನು ಗಂಟು ಇಳಿಸಿ ಹೆಂಡತಿಯನ್ನು ಕೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು.

“ಮರೆತೆ ಅಲ್ವೇನೆ? ಕೈ ತಪ್ಪಿ ನೋಡ್ದೆ, ಅಲ್ವಾ?”

“ಮರೀಲಿಲ್ಲ” ಎಂದಳು ಯಲ್ಲಮ್ಮ. “ಬೇಕಂತ್ಲೇ.”

ಆ ಪ್ರಶ್ನೆಯೇ ಅವನು ಅವಳೊಡನೆ ಆಡಿದ ಕೊನೆಯ ಮಾತು.

ಈ ಬೇಸಗೆಯಲ್ಲಿ ನಾನು ಅಕ್ಕನ ಮನೆಗೆಂದು ಸಂಸೆಗೆ ಹೋದಾಗ ಇಬ್ಬರನ್ನೂ ಕಂಡೆ. ಯಲ್ಲಮ್ಮನ ಅಣ್ಣನ ಹಿತ್ತಲಲ್ಲಿ ಒಂದು ಗುಡಿಸಲು. ಅವನು ಬುಟ್ಟಿ ಹೆಣೆಯುತ್ತಾನೆ, ಅವಳು ಗದ್ದೆಗೆ ಹೋಗುತ್ತಾಳೆ. ಆರು ಅಡಿ ಅಂತರದಲ್ಲಿ ಕೂತು ಇಬ್ಬರೂ ನನಗೆ ಕಥೆ ಹೇಳಿದರು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳದವರ ಹಾಗೆ. ನಾನು ಉತ್ಸಾಹದಿಂದ ಕಾಲೇಜಿನ ಹದಿನಾಲ್ಕು ಅರ್ಥಗಳನ್ನೂ ಓದಿ ಹೇಳಿದೆ! ಜವರಯ್ಯ ಬಿದಿರ ಸೀಳು ಕೆಳಗಿಟ್ಟು ಕೇಳಿದ.

“ಅಷ್ಟೊಂದು ಯಾಕಮ್ಮಣ್ಣಿ? ಗ್ರೀನ್ ಅಂದ್ರೆ ಇನ್ನೂ ಆಗಿಲ್ಲ ಅಂತ. ಹಣ್ಣಾಗಿಲ್ಲ, ಹುರಿದಾಗಿಲ್ಲ, ಆಳು ಪಳಗಿಲ್ಲ.”

“ಬಂಗಲೆ ಮುಂದಿನ ಹುಲ್ಲು?”

“ಅಲ್ಲಿ ಯಾರಿಗೂ ನಕ್ಕು ಸಾಕಾಗಿಲ್ಲ.”

ಹದಿನಾಲ್ಕೂ ಅದರೊಳಗೆ ಕೂತುಬಿಟ್ಟವು, ನಾನು ಒಂದೊಂದನ್ನೇ ಹಾಕಿ ನೋಡಿದೆ!

ಅಷ್ಟರಲ್ಲಿ ಯಲ್ಲಮ್ಮ ಒಲೆಯ ಮುಂದಿನಿಂದ ಕರೆದಳು. “ಅಮ್ಮಣ್ಣೀ, ಕೇಳಿ ಅವ್ರನ್ನ, ಗಂಜಿಗೆ ಉಪ್ಪು ಹಾಕ್ಲಾ ಅಂತ.”

ನಾನು ಕೇಳಿದೆ. ಜವರಯ್ಯ ಬಿದಿರನ್ನು ಮತ್ತೆ ಕೈಗೆ ತೆಗೆದುಕೊಂಡ.

“ಅವಳಿಗೆ ಹೇಳಿ, ಬೇಡ ಅಂತ.”

ಹೇಳಿದೆ. ಯಲ್ಲಮ್ಮ ಒಂದು ಹಿಡಿ ಉಪ್ಪು ಹಾಕಿ ತಿರುವಿದಳು.